ಬೀಗದ ಒಳಗಿನ ಗಿಡಗಳು

ಮನ್ಮನೆ,
೧ ಏಪ್ರಿಲ್ ೨೦೨೪

ಮೇಧಾ ಅವರಿಗೆ,

ಕ್ಷೇಮ ಸಮಾಚಾರ ಕೇಳುವಷ್ಟು ಸಮಾಧಾನ ನನಗಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾನು ಪರಿಮಳಾ ನಾಯ್ಕ. ಸಿದ್ದಾಪುರದ ಬಿಳಗಿ ರಸ್ತೆಯಲ್ಲಿರುವ ನಿಮ್ಮ ಅಪ್ಪ ಹೆಗಡೆಯವರ ನರ್ಸರಿಯಲ್ಲಿ ಹದಿನಾಲ್ಕು ವರ್ಷದಿಂದ ಕಸಿ ಕಟ್ಟುವವಳು. ನಿಮಗೆ ಹನ್ನೊಂದು ಸಲ ಫೋನ್ ಮಾಡಿದೆ. ಮೊದಲು ರಿಂಗ್ ಆಗುತ್ತಿತ್ತು, ಈಗ ಅದೂ ಇಲ್ಲ. "ಅವ್ವಾ, ಅವ್ರು ನಿನ್ ನಂಬರ್ ಬ್ಲಾಕ್ ಮಾಡ್ಯಾರೆ" ಎಂದಳು ಮಗಳು ಭೂಮಿಕಾ. ನೀವು ಪಾಠ ಮಾಡುವ ಕಾಲೇಜಿನ ವಿಳಾಸ ಹೆಗಡೆಯವರ ಡೈರಿಯಲ್ಲಿತ್ತು. ರಿಜಿಸ್ಟರ್ ಪತ್ರವನ್ನು ಬ್ಲಾಕ್ ಮಾಡಲು ಬರುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಮಾರ್ಚ್ ಹದಿನಾಲ್ಕರ ಬೆಳಿಗ್ಗೆ ಹೆಗಡೆಯವರು ಮೆಣಸಿನ ಬಳ್ಳಿಗಳಿಗೆ ನೀರು ಬಿಡುತ್ತಿದ್ದಾಗ ಬಿದ್ದರು. ಕಳೆ ಕೀಳಲು ಬಗ್ಗಿದ್ದಾರೆ ಎಂದುಕೊಂಡಿದ್ದಳು ನನ್ನ ಜೊತೆ ಕೆಲಸ ಮಾಡುವ ನಾಗಿ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಸಂಜೆ ಸುಡುಗಾಡಿನಿಂದ ತಿರುಗಿ ಬಂದ ನಾನು, ನಾಗಿ, ನೀರು-ಬೇಲಿ ನೋಡಿಕೊಳ್ಳುವ ಚೌಡಣ್ಣ ಮೂವರೂ ಸ್ನಾನ ಮಾಡಿ ಮತ್ತೆ ನರ್ಸರಿಗೆ ಹೋಗಿ ಅರ್ಧಕ್ಕೆ ನಿಂತಿದ್ದ ನೀರು ಬಿಟ್ಟು ಮುಗಿಸಿದೆವು. ಯಾರೂ ಹೇಳಿರಲಿಲ್ಲ. ಬೇಸಿಗೆಯಲ್ಲಿ ಪ್ಲಾಸ್ಟಿಕ್ ಕೊಟ್ಟೆಯೊಳಗಿನ ಗಿಡಕ್ಕೆ ಸೂತಕ ಗೊತ್ತಾಗುವುದಿಲ್ಲ. ನಿಮ್ಮ ಚಿಕ್ಕಪ್ಪ ಕಿಶೋರ ಹೆಗಡೆಯವರು ಗೇಟಿನಲ್ಲಿ ನಿಂತು, "ಯಜಮಾನ ಸತ್ತ ದಿನಾನೂ ನಿಮ್ಗೆ ಕೆಲ್ಸದ ಹುಚ್ಚಾ?" ಎಂದು ಗದರಿದರು. ಮರುದಿನದಿಂದಲೂ ದಿನಾ ಹೋಗಿ ನೀರು ಬಿಟ್ಟೆವು.

ಹದಿಮೂರನೆಯ ದಿನ ಕಳೆದು ಮಾರನೇ ಬೆಳಿಗ್ಗೆ ಹೋದರೆ ಗೇಟಿಗೆ ಹೊಸ ಬೀಗ. ನಾಗಿಯ ಊಟದ ಬುತ್ತಿ ಒಳಗೆ, ನನ್ನ ಕಸಿ ಚಾಕು ಒಳಗೆ, ಬಾವಿ ಒಳಗೆ, ಪಂಪೂ ಒಳಗೆ. ಹನ್ನೆರಡು ಸಾವಿರ ಗಿಡ ಒಳಗೆ. ಇವತ್ತಿಗೆ ಐದು ದಿನ. ಚೌಡಣ್ಣ ಪಕ್ಕದ ಮನೆಯ ಬಾವಿಯಿಂದ ಕೊಡದಲ್ಲಿ ನೀರು ಹೊತ್ತು ತಂದು ಬೇಲಿಯ ಮೇಲಿಂದ ಎರಚುತ್ತಾನೆ. ಎರಡು ಸಾಲಿಗೆ ತಾಗುತ್ತದೆ, ಮೂರನೆಯದಕ್ಕೆ ತಾಗುವುದಿಲ್ಲ. ಅರವತ್ತೆರಡು ವರ್ಷದ ಮನುಷ್ಯ. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ನಗುತ್ತಾರೆ.

ನಾನು ಶಿರಸಿಗೆ ಹೋಗಿ ನಿಮ್ಮ ಚಿಕ್ಕಪ್ಪನ ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದು ಬಂದೆ. ಗಿರಾಕಿಗಳಿದ್ದರು. "ಅಣ್ಣನ ಗಿಡ ಒಣಗಿಸಿ ಆ ಜಾಗದಲ್ಲಿ ಪೆಟ್ರೋಲ್ ಬಂಕ್ ಹಾಕ್ತ್ರಾ?" ಎಂದು ಕೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ತಪ್ಪಿದ್ದವರು ಹಾಗೆಯೇ ಇರುತ್ತಾರೆ.

ನೀವು ಓದಿದವರು, ಒಂದು ಪ್ರಶ್ನೆಗೆ ಉತ್ತರ ಕೊಡಿ. ಯಜಮಾನ ಸತ್ತರೆ ಕೆಲಸದವರು ಏನು ಮಾಡಬೇಕು? ನಮಗೆ ಯಾರೂ ಹೇಳಿಕೊಟ್ಟಿಲ್ಲ. ಈಗ ಆಸ್ತಿ ನಿಮ್ಮದು, ನೀವೊಬ್ಬರೇ ಮಗಳು. ಚಿಕ್ಕಪ್ಪನಿಗೆ ಹೇಳಿ ಬೀಗ ತೆಗೆಸಿ. ಸಂಬಳದ ಮಾತು ಆಮೇಲೆ. ನೀರು ಮೊದಲು.

ಇಂತಿ,
ಪರಿಮಳಾ ನಾಯ್ಕ


ಹಾವೇರಿ,
೧೦ ಏಪ್ರಿಲ್ ೨೦೨೪

ಪರಿಮಳಾ ಅವರೇ,

ನಿಮ್ಮ ಪತ್ರವನ್ನು ಪ್ಯೂನ್ ಸ್ಟಾಫ್ ರೂಮಿಗೆ ತಂದುಕೊಟ್ಟ. ಎಲ್ಲರೆದುರು ಒಡೆದು ಓದಬೇಕಾಯಿತು. ಇನ್ನು ಮುಂದೆ ಕಾಲೇಜಿಗೆ ಬರೆಯಬೇಡಿ. ಮನೆಯ ವಿಳಾಸ ಲಕೋಟೆಯ ಹಿಂದಿದೆ.

ನೀವು ಪ್ರಶ್ನೆ ಕೇಳಿದ್ದೀರಿ, ಉತ್ತರಿಸುತ್ತೇನೆ. ಯಜಮಾನ ಸತ್ತರೆ ಕೆಲಸದವರು ಮನೆಗೆ ಹೋಗಬೇಕು. ನರ್ಸರಿಯ ಪರವಾನಗಿ ಅಪ್ಪನ ಹೆಸರಿನಲ್ಲಿತ್ತು, ವ್ಯವಹಾರ ಅವರೊಂದಿಗೇ ಮುಗಿಯಿತು. ನಿಮ್ಮ ಚಾಕು, ಬುತ್ತಿ ಇತ್ಯಾದಿ ವಸ್ತುಗಳನ್ನು ಚಿಕ್ಕಪ್ಪ ತೆಗೆಸಿಕೊಡುತ್ತಾರೆ. ಅವರ ಅಂಗಡಿಯ ಮುಂದೆ ನೀವು ಆಡಿದ ಮಾತು ನನ್ನ ಕಿವಿಗೂ ಬಿದ್ದಿದೆ. ಅಸಹ್ಯವೆನಿಸಿತು.

ಗಿಡ, ಗಿಡ, ಗಿಡ. ನಿಮ್ಮ ಪತ್ರ ಓದುತ್ತಿದ್ದರೆ ಅಪ್ಪನೇ ಮಾತನಾಡುತ್ತಿದ್ದಾರೆ ಅನ್ನಿಸಿತು. ಆರು ವರ್ಷದ ಹಿಂದೆ ಅಮ್ಮ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಳು. ಜುಲೈ ತಿಂಗಳು. ನಿಮಗೆ ನೆನಪಿರಬೇಕು, ಅಪ್ಪೆಮಿಡಿ ಮಾವಿಗೆ ಕಸಿ ಕಟ್ಟುವ ಕಾಲ. ಆ ಹನ್ನೊಂದು ದಿನದಲ್ಲಿ ಅಪ್ಪ ಎರಡು ಸಲ ಬಂದರು. ಎರಡನೆಯ ಸಲ ಬಂದಾಗ ಉಗುರಿನ ಸಂದಿನಲ್ಲಿ ಮಣ್ಣಿತ್ತು, ನರ್ಸ್ ಕೈ ತೊಳೆದು ಬರಲು ಹೇಳಿದಳು. ತೊಳೆಯಲು ಹೋದವರು ಹಾಗೆಯೇ ಬಸ್ ಹತ್ತಿ ಹೋದರು. "ಹೆಗಡೇರು ಹೋದ್ರಾ?" ಎಂದು ಅಮ್ಮ ಕೇಳಿದಳು. ಗಂಡನನ್ನು ಅವಳು ಕರೆಯುತ್ತಿದ್ದುದೇ ಹಾಗೆ. ಕೊನೆಯ ದಿನ ನಾನೊಬ್ಬಳೇ ಇದ್ದೆ.

ನರ್ಸರಿಯ ಆ ನೆರಳು ಪರದೆಯ ಕೆಳಗೆ ನಾನು ಇನ್ನು ಕಾಲಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದ್ದೆ. ನಿಮ್ಮ ಹನ್ನೆರಡು ಸಾವಿರಕ್ಕೂ ನನಗೂ ಸಂಬಂಧವಿಲ್ಲ. ದಯವಿಟ್ಟು ಇಲ್ಲಿಗೆ ಮುಗಿಸಿ.

ಮೇಧಾ


ಮನ್ಮನೆ,
೧೭ ಏಪ್ರಿಲ್ ೨೦೨೪

ಮೇಧಾ ಅವರಿಗೆ,

ಮುಗಿಸುವುದಿಲ್ಲ.

ನಿಮ್ಮ ಪತ್ರ ಶನಿವಾರ ಕೈಗೆ ಬಂತು. ನಾಗಿಗೂ ಚೌಡಣ್ಣನಿಗೂ ಓದಿ ಹೇಳಿದೆ, ನಿಮ್ಮ ಅಮ್ಮನ ವಿಷಯ ಬಿಟ್ಟು. ಅದು ನನಗೆ ಬರೆದದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾವು ಬೀಗ ಒಡೆದೆವು. ಕದ್ದು ಮಾಡಲಿಲ್ಲ. ಸಿದ್ದಾಪುರದ ಬಸ್ಸು ನಿಲ್ಲುವ ಹೊತ್ತು, ಹತ್ತಿಪ್ಪತ್ತು ಜನ ನೋಡುತ್ತಿದ್ದರು. ಚೌಡಣ್ಣ ಹಾರೆ ಎತ್ತಿ ಮತ್ತೆ ಕೆಳಗಿಳಿಸಿದ. "ಬೇರೇರ ಬೇಲಿ ದಾಟ್ದವ ಅಲ್ಲ ನಾನು" ಎಂದ. "ಇಷ್ಟು ವರ್ಷ ಈ ಬೇಲಿ ಕಟ್ದವ ಯಾರು?" ಎಂದು ಕೇಳಿದೆ. ಅವನು ಮೂರು ಸಲ ಹೊಡೆದ. ನಾಲ್ಕನೆಯದನ್ನು ನಾನು ಹೊಡೆದೆ. ಪೊಲೀಸರು ಕೇಳಿದರೆ ಅದನ್ನೇ ಹೇಳುತ್ತೇನೆ.

ಒಳಗೆ ನೋಡಿದ್ದನ್ನು ಬರೆಯುತ್ತೇನೆ, ನೀವು ಓದಲೇಬೇಕು. ಮೆಣಸಿನ ಬಳ್ಳಿ ಕಪ್ಪಗಾಗಿ ಕೋಲಿಗೆ ಅಂಟಿಕೊಂಡಿತ್ತು. ಮುಟ್ಟಿದರೆ ಎಲೆ ಪುಡಿಯಾಗುತ್ತಿತ್ತು. ಜಾಯಿಕಾಯಿ ಕಸಿ ಪೂರ್ತಿ ಹೋಗಿದೆ, ಒಂದೂ ಉಳಿದಿಲ್ಲ. ಯಲ್ಲಾಪುರದ ಇಬ್ಬರು ಅದಕ್ಕಾಗಿ ಎರಡು ವರ್ಷದಿಂದ ಕಾಯುತ್ತಿದ್ದರು. ಅಪ್ಪೆಮಿಡಿ ಗಟ್ಟಿ ಜೀವ, ಎಲೆ ಉದುರಿಸಿಕೊಂಡು ಕಾಂಡದಲ್ಲಿ ಹಸಿರು ಇಟ್ಟುಕೊಂಡಿತ್ತು. ಒಂದೊಂದನ್ನೂ ಉಗುರಿನಲ್ಲಿ ಕೆರೆದು ನೋಡಿದೆವು. ಹಸಿರು ಕಂಡರೆ ಈ ಕಡೆ, ಕಂದು ಕಂಡರೆ ಆ ಕಡೆ. ನಾಗಿ ಆ ಕಡೆ ಇಡುವಾಗಲೂ ಮೆಲ್ಲಗೆ ಇಡುತ್ತಿದ್ದಳು. ನನಗೆ ಸಿಟ್ಟು ಬಂದು, "ಒಗಿಯೇ, ಸತ್ತಾವೆ ಅವು" ಎಂದೆ. "ನೀ ಒಗಿ, ನಾನೆಂತಕ್ಕೆ ಒಗೀಲಿ" ಎಂದಳು.

ನೀರು ಬಿಡೋಣವೆಂದರೆ ಪಂಪಿನ ಸ್ಟಾರ್ಟರ್ ಬಾಕ್ಸೇ ಇಲ್ಲ. ಗೋಡೆಯಿಂದ ಬಿಚ್ಚಿಕೊಂಡು ಹೋಗಿದ್ದಾರೆ. ಬೀಗ ಹಾಕಿದ್ದು ಸಾಲದು ಎಂದು ಇದನ್ನೂ ಮಾಡಿದ ಮನುಷ್ಯನಿಗೆ ಏನು ಹೇಳಬೇಕು? ನಮ್ಮೂರಿನ ರಾಘು ಟೆಂಪೋ ತಂದ. ಜೀವವಿದ್ದ ನಾಲ್ಕು ಸಾವಿರದ ಮುನ್ನೂರು ಗಿಡಗಳನ್ನು ಏಳು ಟ್ರಿಪ್‌ನಲ್ಲಿ ಸಾಗಿಸಿದೆವು. ನಾಗಿಯ ಮನೆಯ ಹಿಂದೆ ಹಳ್ಳವಿದೆ, ಸೋಗೆಯ ಚಪ್ಪರ ಹಾಕಿ ಅದರ ಕೆಳಗೆ ಇಟ್ಟಿದ್ದೇವೆ. ಯಾವ ಜಾತಿ ಎಷ್ಟು ಎಂಬ ಪಟ್ಟಿ ಇದರ ಜೊತೆಗಿದೆ. ಗಿಡ ನಿಮ್ಮದು. ಯಾವತ್ತು ಬೇಕಾದರೂ ಬಂದು ಒಯ್ಯಿರಿ. ಅಲ್ಲಿಯವರೆಗೆ ನೀರು ಹಾಕುತ್ತೇವೆ, ನಿಮ್ಮ ಒಪ್ಪಿಗೆ ಕೇಳುವುದಿಲ್ಲ.

ಸೋಮವಾರ ನಿಮ್ಮ ಚಿಕ್ಕಪ್ಪ ಕಳ್ಳತನವೆಂದು ದೂರು ಕೊಟ್ಟಿದ್ದಾರೆ. ಪೊಲೀಸರೊಬ್ಬರು ಬಂದು, ಚುನಾವಣೆಯ ಕೆಲಸ ಮುಗಿಯಲಿ, ಆಮೇಲೆ ಕರೆಸುತ್ತೇವೆ, ಊರು ಬಿಟ್ಟು ಹೋಗಬೇಡಿ ಎಂದು ಹೇಳಿಹೋದರು. ಚೌಡಣ್ಣನ ಸೊಸೆ ಊಟ ಬಿಟ್ಟು ಅಳುತ್ತಿದ್ದಾಳೆ.

ಈಗ ನಿಮ್ಮ ಅಮ್ಮನ ವಿಷಯ. ನೀವು ಬರೆದದ್ದು ನಿಜ. ಆ ಹನ್ನೊಂದು ದಿನ ನಾನು ಹೆಗಡೆಯವರ ಪಕ್ಕದಲ್ಲೇ ಕೂತು ಕಸಿ ಕಟ್ಟುತ್ತಿದ್ದೆ. ಒಂದು ಸಲ ಹೇಳಿದೆ: "ನೀವು ಹುಬ್ಳಿಗೆ ಹೋಗಿ ಇದ್ದು ಬನ್ನಿ, ಇಲ್ಲಿ ನಾವ್ ನೋಡ್ಕತ್ತೇವೆ." ಅವರು ತಲೆ ಎತ್ತದೆ, "ಆ ಚಾಕು ಮೊಂಡಾಗಿದೆ, ಬೇರೆ ತಗಾ" ಎಂದರು. ಚಾಕು ಮೊಂಡಾಗಿರಲಿಲ್ಲ. ನಾನು ಎರಡನೆಯ ಸಲ ಹೇಳಲಿಲ್ಲ. ಹೇಳಬೇಕಿತ್ತು. ನಿಮ್ಮ ಅಮ್ಮ ಸೀತಮ್ಮನವರು ನಮಗೆ ದಿನಾ ಚಹಾ ಕೊಟ್ಟವರು. ಅವರ ಪರವಾಗಿ ಒಂದು ಮಾತು ಗಟ್ಟಿಯಾಗಿ ಆಡಲು ನನಗೆ ಕೆಲಸದ ಹೆದರಿಕೆ ಬಂತು.

ಹೆಗಡೆಯವರನ್ನು ದೇವರೆಂದು ನಾನು ಹೇಳುವುದಿಲ್ಲ. ಅವರ ಮೇಲೂ ನನಗೆ ಸಿಟ್ಟಿದೆ. ಎಪ್ಪತ್ತು ವರ್ಷವಾಗಿತ್ತು, ಎರಡು ಸಲ ಎದೆ ನೋವು ಬಂದಿತ್ತು. ನಾಳೆ ನಾನಿಲ್ಲದಿದ್ದರೆ ಏನು ಎಂದು ನಮ್ಮ ಹತ್ತಿರ ಒಂದು ಮಾತು ಹೇಳಲಿಲ್ಲ, ಒಂದು ಕಾಗದ ಬರೆದಿಡಲಿಲ್ಲ. ಪ್ರತಿ ಗಿಡಕ್ಕೂ ಚೀಟಿ ಕಟ್ಟಿದ ಮನುಷ್ಯ. ಆದರೆ ಅವರ ಮೇಲಿನ ಸಿಟ್ಟನ್ನು ಗಿಡಗಳ ಮೇಲೆ ತೀರಿಸಲು ನನಗೆ ಮನಸ್ಸು ಬರುವುದಿಲ್ಲ.

ಇಂತಿ,
ಪರಿಮಳಾ ನಾಯ್ಕ


ಹಾವೇರಿ,
೨೩ ಏಪ್ರಿಲ್ ೨೦೨೪

ಪರಿಮಳಾ ಅವರೇ,

ಸಿದ್ದಾಪುರ ಠಾಣೆಗೆ ನಾನು ಕಳಿಸಿದ ಪತ್ರದ ಪ್ರತಿ ಇದರೊಂದಿಗಿದೆ. ನೀವು ಮೂವರೂ ನನ್ನ ತಿಳಿವಳಿಕೆಯಲ್ಲಿಯೇ ಒಳಗೆ ಹೋದಿರಿ, ನಾನು ಹೇಳಿದ್ದರಿಂದಲೇ ಗಿಡ ಸಾಗಿಸಿದಿರಿ ಎಂದು ಬರೆದು ಸಹಿ ಹಾಕಿದ್ದೇನೆ. ಇದು ಸುಳ್ಳು. ಮಕ್ಕಳು ಪರೀಕ್ಷೆಯಲ್ಲಿ ಚೀಟಿ ತಂದರೆ ಹೊರಗೆ ಕಳಿಸುವವಳು ನಾನು. ನಿಮ್ಮಿಂದಾಗಿ ಪೊಲೀಸ್ ಠಾಣೆಗೆ ಸುಳ್ಳು ಬರೆಯುವಂತಾಯಿತು. ಅದಕ್ಕಾಗಿ ನಿಮ್ಮನ್ನು ಕ್ಷಮಿಸಲು ನನಗೆ ಸಾಧ್ಯವಾಗುತ್ತಿಲ್ಲ.

ಅದಕ್ಕೂ ಮೊದಲು ಚಿಕ್ಕಪ್ಪ ಫೋನ್ ಮಾಡಿದ್ದರು. "ಅವು ಕಳ್ಳರು ಹೇಳಿ ಆನು ಮೊದ್ಲೇ ಹೇಳಿದ್ನಿಲ್ಯಾ? ನೀನು ಒಂದು ಸಹಿ ಹಾಕು ಸಾಕು, ಉಳಿದದ್ದು ಆನು ನೋಡ್ಕತ್ತೆ" ಎಂದರು. ಆಗ ನಿಮ್ಮ ಪಟ್ಟಿ ನನ್ನ ಮುಂದಿತ್ತು. ಕಳ್ಳರು ಪಟ್ಟಿ ಕಳಿಸುವುದಿಲ್ಲ.

ಚಾಕುವಿನ ಮಾತು ಬರೆದಿದ್ದೀರಿ. ಅದನ್ನು ಓದಿದ ಮೇಲೆ ಎರಡು ದಿನ ನನಗೆ ಪಾಠ ಮಾಡಲಾಗಲಿಲ್ಲ. ಬರೆಯಬಾರದಿತ್ತು ಎನ್ನಲೋ, ಆರು ವರ್ಷ ಮೊದಲೇ ಹೇಳಬೇಕಿತ್ತು ಎನ್ನಲೋ ತಿಳಿಯುತ್ತಿಲ್ಲ.

ನನಗೂ ಚುನಾವಣೆಯ ಕೆಲಸ ಬಂದಿದೆ. ಅದು ಮುಗಿದ ಮೇಲೆ ಬರುತ್ತೇನೆ. ಯಾರಿಗೂ ಹೇಳಬೇಡಿ.

ಮೇಧಾ


ಮನ್ಮನೆ,
೧೩ ಮೇ ೨೦೨೪

ಮೇಧಾ ಅವರಿಗೆ,

ಶನಿವಾರ ನೀವು ಬಂದುಹೋದಿರಿ. ಈಗ ನನ್ನ ಫೋನು ನಿಮಗೆ ಹತ್ತುತ್ತದೆ ಎಂದು ಗೊತ್ತು. ಆದರೆ ಬಾಯಿಬಿಟ್ಟರೆ ಜಗಳವಾದೀತು, ಬರೆಯುವುದೇ ವಾಸಿ.

ಮೂರು ತಾಸು ಇದ್ದಿರಿ. ಅದರಲ್ಲಿ ಎರಡು ತಾಸು ಆ ಒಣಗಿದ ಸಾಲುಗಳ ನಡುವೆ ನಿಂತಿದ್ದಿರಿ. ಕೇಳಿದ್ದು ಒಂದೇ ಮಾತು, "ಅಪ್ಪ ಬಿದ್ದದ್ದು ಎಲ್ಲಿ?" ತೋರಿಸಿದೆ. ನೀವು ಅಲ್ಲಿಗೆ ಹೋಗಲಿಲ್ಲ, ದೂರದಿಂದಲೇ ನೋಡಿದಿರಿ. ಆಮೇಲೆ ನಾಗಿಯ ಮನೆಗೆ ಬಂದು ಚಪ್ಪರದ ಕೆಳಗಿನ ಗಿಡ ನೋಡಿದಿರಿ. ಎಲ್ಲವೂ ಚಿಗುರಿ ಕೆಂಪು ಎಲೆ ಬಿಟ್ಟಿವೆ. ನಾಗಿ ಕೊಟ್ಟ ಬೆಲ್ಲ, ನೀರು ಮುಟ್ಟದೆ ಎದ್ದಿರಿ. ಅವಳು ಅದನ್ನು ಜಾತಿಯ ಲೆಕ್ಕದಲ್ಲಿ ತಗೊಂಡಳು. "ಇವತ್ತಿಗೂ ಹಿಂಗೇ ಅಲ್ದನೇ" ಎಂದಳು. ನಿಮ್ಮ ಅಪ್ಪ ಅವಳ ಬುತ್ತಿಯಿಂದ ಉಪ್ಪಿನಕಾಯಿ ಕಸಿದು ತಿನ್ನುತ್ತಿದ್ದವರು. ಈ ಪತ್ರ ಬರೆಯಲು ಮುಖ್ಯ ಕಾರಣ ಅದು. ನಾಗಿಗೆ ಒಂದು ಉತ್ತರ ಬೇಕು.

ಇನ್ನೊಂದು ಮಾತು. ಹೊರಡುವಾಗ ನೀವು, "ಚಿಕ್ಕಪ್ಪನಿಗೆ ಬೈಯಬೇಡಿ" ಎಂದಿರಿ. ಯಾಕೆ ಬೈಯಬಾರದು? ಏಳೂವರೆ ಸಾವಿರಕ್ಕೂ ಹೆಚ್ಚು ಗಿಡ ಕೊಂದ ಮನುಷ್ಯನನ್ನು ಸಂಬಂಧಿಕ ಎಂದು ನೀವು ಬಿಡಬಹುದು, ನಾನು ಬಿಡುವುದಿಲ್ಲ. ಹೋದ ವಾರ ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು, ಅಲ್ಲಿಯೂ ಜನರೆದುರೇ ಹೇಳಿದೆ. ತಲೆ ತಗ್ಗಿಸಿ ಬಸ್ ಹತ್ತಿದರು.

ಮಳೆ ಹಿಡಿಯಲು ಇನ್ನು ಮೂರು ವಾರವೂ ಇಲ್ಲ. ಜನ ಗಿಡ ಕೇಳುತ್ತಾ ನಾಗಿಯ ಮನೆಗೇ ಬರುತ್ತಿದ್ದಾರೆ. ಕೊಡಲೋ ಬೇಡವೋ? ನೀವು ನರ್ಸರಿ ನಡೆಸುತ್ತೀರೋ, ಮಾರುತ್ತೀರೋ, ಸುಡುತ್ತೀರೋ? ಒಂದನ್ನು ಬಾಯಿಬಿಟ್ಟು ಹೇಳಿ. ಸುಮ್ಮನೆ ನಿಂತು ನೋಡುವುದನ್ನು ನಿಮ್ಮ ಅಪ್ಪನಿಂದಲೇ ಕಲಿತಿರೋ ಏನೋ.

ಇಂತಿ,
ಪರಿಮಳಾ ನಾಯ್ಕ


ಹಾವೇರಿ,
೨೭ ಮೇ ೨೦೨೪

ಪರಿಮಳಕ್ಕಾ,

ಮೊದಲು ನಾಗಿಗೆ. ಜಾತಿಯಲ್ಲ ಎಂದು ಅವಳಿಗೆ ಹೇಳಿ. ಆ ಮನೆಯಲ್ಲಿ ನೀರು ಕುಡಿಯುವ ಯೋಗ್ಯತೆ ನನಗಿರಲಿಲ್ಲ. ಯಾಕೆಂದು ಈಗ ಬರೆಯುತ್ತೇನೆ.

ಚಿಕ್ಕಪ್ಪನಿಗೆ ಇನ್ನು ಬೈಯಬೇಡಿ. ಬೀಗ ಹಾಕಿಸಿದ್ದು ನಾನು.

ಹದಿಮೂರನೆಯ ದಿನ ಊಟ ಮುಗಿದ ಮೇಲೆ ಚಿಕ್ಕಪ್ಪ ಜಗಲಿಯಲ್ಲಿ ಕೂತು, "ಆ ಕೆಲ್ಸದವು ದಿನಾ ಬಂದು ನೀರು ಬಿಡ್ತಾ ಇದ್ದ, ಎಂತ ಹೇಳದು ಅವಕ್ಕೆ?" ಎಂದು ಕೇಳಿದರು. ನಾನು, "ಈ ಬಿಸ್ಲಲ್ಲಿ ನೀರಿಲ್ದೆ ಆ ಗಿಡ ಎಷ್ಟು ದಿನ ಬದುಕ್ತ?" ಎಂದೆ. "ಒಂದು ವಾರ, ಹತ್ತು ದಿನ" ಎಂದರು. "ಹಂಗಾರೆ ಹದಿನೈದು ದಿನ ಬೀಗ ತೆಗಿಯದು ಬ್ಯಾಡ" ಎಂದೆ. ಚಿಕ್ಕಪ್ಪ ನನ್ನ ಮುಖವನ್ನೇ ನೋಡಿದರು. "ಅಣ್ಣನ ಗಿಡ ಅಲ್ದನೇ" ಎಂದರು. "ಅದಕ್ಕೇಯ" ಎಂದೆ. ಸ್ಟಾರ್ಟರ್ ಬಿಚ್ಚಿಸಿದ್ದೂ ನಾನೇ. ನೀವು ಬೇಲಿ ಹಾರಿಯಾದರೂ ಒಳಗೆ ಹೋಗುತ್ತೀರಿ ಎಂದು ನನಗೆ ಗೊತ್ತಿತ್ತು.

ಅವು ಸಾಯಲಿ ಎಂದೇ ಮಾಡಿದೆ. ಅಮ್ಮನ ಪಕ್ಕ ಕೂರಬೇಕಿದ್ದ ಹೊತ್ತನ್ನೆಲ್ಲ ಅವು ತಿಂದಿದ್ದವು. ಅವು ಒಣಗಿ ಕಪ್ಪಾದರೆ ನನಗೆ ಸಮಾಧಾನವಾದೀತು ಎಂದುಕೊಂಡಿದ್ದೆ. ನಿಮ್ಮ ಮೊದಲ ಪತ್ರ ಬಂದಾಗ ಇನ್ನೂ ಹೆಚ್ಚಿನವು ಜೀವ ಹಿಡಿದಿದ್ದವು. ನಾನು ಉತ್ತರ ಬರೆಯಲು ಬೇಕೆಂದೇ ತಡ ಮಾಡಿದೆ. ಆ ಶನಿವಾರ ಬಂದು ನೋಡಿದೆ. ಎರಡು ತಾಸು ನಿಂತೆ. ಸಮಾಧಾನ ಎಲ್ಲೂ ಸಿಗಲಿಲ್ಲ. ಮಾಡಿದ್ದಷ್ಟೇ ಕಣ್ಣೆದುರು ಬಿದ್ದಿತ್ತು.

ಚಿಕ್ಕಪ್ಪ ಜಾಗ ಮಾರಬೇಕು ಎನ್ನುವವರೇ, ಸುಳ್ಳಲ್ಲ. ಕಳ್ಳತನದ ದೂರನ್ನೂ ಅವರೇ ಕೊಟ್ಟದ್ದು. ಆದರೆ ನೀವು ಅಂಗಡಿಯ ಮುಂದೆ ಬೈಯುವಾಗ ನನ್ನ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಹೇಳಲಿಲ್ಲ. ಇದು ನನಗೆ ಮೊನ್ನೆಯವರೆಗೆ ಹೊಳೆದಿರಲಿಲ್ಲ.

ನಾನು ನರ್ಸರಿ ನಡೆಸಲಾರೆ. ಮಾರಲೂ ಕೈ ಬರುತ್ತಿಲ್ಲ. ನೀವು ಮೂವರೂ ಸೇರಿ ನಡೆಸುವುದಾದರೆ ಜಾಗ, ಬಾವಿ, ಶೆಡ್ಡು ಎಲ್ಲವನ್ನೂ ಬರೆದುಕೊಡುತ್ತೇನೆ. ಗೇಣಿಗೋ ಲೀಸಿಗೋ, ಹೇಗೆ ಬೇಕೋ ಹಾಗೆ. ಇದನ್ನೆಲ್ಲ ಓದಿದ ಮೇಲೂ ನಿಮಗೆ ಮನಸ್ಸಿದ್ದರೆ.

ಮೇಧಾ


ಮನ್ಮನೆ,
೯ ಜೂನ್ ೨೦೨೪

ಮೇಧಾ,

ನಿಮ್ಮ ಪತ್ರವನ್ನು ಈ ಸಲ ಒಂದಕ್ಷರ ಬಿಡದೆ ಇಬ್ಬರಿಗೂ ಓದಿದೆ. ಚೌಡಣ್ಣ ಎದ್ದು ಹಳ್ಳದ ಕಡೆ ಹೋದ. ಬಹಳ ಹೊತ್ತಿನ ಮೇಲೆ ಬಂದು, "ಅವ್ರು ಹೇಳ್ದೆ ಇದ್ದಿದ್ರೆ ನಮ್ಗೆ ಗೊತ್ತಾಗ್ತನೇ ಇರ್ಲಿಲ್ಲ" ಎಂದ. ಅವನು ಅದನ್ನು ಹೊಗಳಿಕೆಯಾಗಿ ಅಂದನೋ ಬೈಗುಳವಾಗಿ ಅಂದನೋ ನನಗೆ ತಿಳಿಯಲಿಲ್ಲ. ನಾಗಿ ಕೇಳಿದ್ದು ಒಂದೇ: "ಗಿಡ ಎಂತ ಮಾಡಿದ್ವೇ?" ಅದಕ್ಕೆ ಉತ್ತರ ಇದ್ದರೆ ನೀವೇ ಬಂದು ಅವಳಿಗೆ ಹೇಳಿ, ನಾನು ಹೇಳುವುದಿಲ್ಲ.

ನನಗೆ ಸಿಟ್ಟು ಇಳಿದಿಲ್ಲ. ಇಳಿಯುತ್ತದೆ ಎಂದು ಸುಳ್ಳು ಬರೆಯಲಾರೆ. ಹತ್ತು ದಿನ ಈ ಪತ್ರ ಬರೆಯದೆ ಬಿಟ್ಟಿದ್ದೂ ಅದಕ್ಕೆ. ಪರದೆಯ ಕೆಳಗೆ ಕೂತು ಉಗುರಿನಲ್ಲಿ ಕೆರೆದು ಕೆರೆದು ನೋಡಿದ ಆ ಭಾನುವಾರ ನನ್ನ ಕೈಯಿಂದ ಹೋಗುವುದಿಲ್ಲ.

ಶುಕ್ರವಾರ ಶಿರಸಿಗೆ ಹೋಗಿದ್ದೆ. ನಿಮ್ಮ ಚಿಕ್ಕಪ್ಪನ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಇದ್ದದ್ದೇ ಒಳ್ಳೆಯದಾಯಿತು. ಎಲ್ಲರೆದುರು ಬೈದದ್ದನ್ನು ಎಲ್ಲರೆದುರೇ ವಾಪಸು ತಗೊಂಡೆ. "ಬೀಗದ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ಪೊಲೀಸ್ ದೂರಿನ ಸಿಟ್ಟು ಹಾಗೇ ಇದೆ" ಎಂದೆ. ಅವರು ಕನ್ನಡಕ ತೆಗೆದು, "ಇದನ್ನು ಹೇಳೂಕೆ ಸಿದ್ದಾಪುರದಿಂದ ಬಂದ್ಯಾ?" ಎಂದು ಕೇಳಿದರು. ಒಳಗೆ ಹೋಗಿ ಸ್ಟಾರ್ಟರ್ ಬಾಕ್ಸ್ ತಂದು ಕೌಂಟರ್ ಮೇಲೆ ಇಟ್ಟರು. ಕೂರು ಎನ್ನಲಿಲ್ಲ, ನಾನೂ ಕೂರಲಿಲ್ಲ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ನಾವು ಮೂವರೂ ನಡೆಸುತ್ತೇವೆ. ಕೆಲಸದವರಾಗಿ ಅಲ್ಲ. ಕಾಗದದಲ್ಲಿ ಗೇಣಿ ಎಂಬ ಶಬ್ದ ಬೇಡ. ನನ್ನ ಅಜ್ಜ ಗೇಣಿ ಮಾಡಿದವನು, ಆ ಶಬ್ದ ಕೇಳಿದರೆ ನಮ್ಮ ಮನೆಯಲ್ಲಿ ಇವತ್ತಿಗೂ ಊಟ ರುಚಿಸುವುದಿಲ್ಲ. ಲೀಸ್ ಎಂದೇ ಬರೆಸಿ. ಪರವಾನಗಿಗೆ ನನ್ನ ಹೆಸರಿನಲ್ಲಿ ಅರ್ಜಿ ಹಾಕಿದ್ದೇನೆ. ಮಳೆ ಹಿಡಿದಿದೆ, ಗಿಡ ನೆಡುವವರು ಕಾಯುವುದಿಲ್ಲ. ನಿನ್ನೆಯಿಂದ ಗೇಟು ತೆಗೆದಿದ್ದೇವೆ.

ವಕೀಲರು ತಮ್ಮ ಭಾಷೆಯಲ್ಲಿ ಏನು ಬೇಕಾದರೂ ಬರೆಯಲಿ. ಕೊನೆಯಲ್ಲಿ ನಾನು ಹೇಳುವ ನಾಲ್ಕು ಸಾಲು ಹೇಳಿದ ಹಾಗೆಯೇ ಇರಬೇಕು. ನಿಮ್ಮ ಅಪ್ಪ ಬರೆದಿಡದೇ ಹೋದದ್ದು ಇಷ್ಟೇ:

ಪರಿಮಳಾ ಸತ್ತರೆ ಮರುದಿನ ಬೆಳಿಗ್ಗೆ ಗೇಟು ತೆಗೆದು ನೀರು ಬಿಡುವವಳು ನಾಗಿ.
ನಾಗಿ ಸತ್ತರೆ ಚೌಡ.
ಚೌಡ ಸತ್ತರೆ ಪರಿಮಳಾ.
ಮೇಧಾ ಸತ್ತರೆ ಈ ಮೂವರಲ್ಲಿ ಬದುಕಿದ್ದವರು, ಯಾರನ್ನೂ ಕೇಳದೆ.

ಸಹಿ ಹಾಕಲು ಪೋಸ್ಟಿನಲ್ಲಿ ಕಳಿಸಬೇಡಿ. ಬನ್ನಿ.

ಇಂತಿ,
ಪರಿಮಳಾ